ಬೆಂಕಿಯ ಹದ



ನಮ್ಮಜ್ಜಿ ರಾತ್ರಿ ಮಲಗುವ ಮುಂಚೆ ಕಡೆಯದಾಗಿ ಮಾಡುತ್ತಿದ್ದ ಕೆಲಸ ಒಲೆಯ ಕೆಂಡ ಮುಚ್ಚುವುದು. ಉರಿಯುತ್ತಿದ್ದ ಕೊಳ್ಳಿಯನ್ನು ಹೊರಗೆಳೆದು, ನೆಲಕ್ಕೆ ತಿಕ್ಕಿ ಆರಿಸುವಳು. ಒಲೆಯಲ್ಲಿ ಉಳಿದ ಕೆಂಡಗಳಲ್ಲಿ ದಪ್ಪನೆಯ ಎರಡು ಮೂರನ್ನು ಮೂಲೆಗೆ ಒತ್ತರಿಸಿ ಮೇಲೆ ಬೂದಿ ಹೊದಿಸುವಳು. ಬೂದಿ ತೆಳುವಾದರೆ ಕೆಂಡ ನಡುರಾತ್ರಿಗೇ ಉರಿದು ತೀರುತ್ತದೆ, ದಪ್ಪವಾದರೆ ಉಸಿರು ಕಟ್ಟಿ ಆರುತ್ತದೆ. ಎಷ್ಟು ಬೂದಿ ಎಂದು ಅವಳು ಅಳತೆ ನೋಡಿದ್ದನ್ನು ನಾನು ಕಾಣೆ. ಬೆಳಗ್ಗೆ ಬೂದಿ ಕೆದಕಿ, ತೆಂಗಿನ ನಾರು ಇಟ್ಟು ಎರಡು ಸಲ ಊದಿದರೆ ಒಲೆ ಹೊತ್ತಿಕೊಳ್ಳುತ್ತಿತ್ತು. ನನಗೆ ಏಳೆಂಟು ವರ್ಷವಿದ್ದಾಗ ಒಂದು ರಾತ್ರಿ, ಅವಳ ಕೆಲಸ ಹಗುರ ಮಾಡೋಣವೆಂದು ಒಲೆಗೆ ಒಂದು ಚೆಂಬು ನೀರು ಸುರಿದುಬಿಟ್ಟೆ. ಬೈಯಲಿಲ್ಲ. ಬೆಳಗ್ಗೆ ಎಬ್ಬಿಸಿ ಕೈಗೆ ಒಂದು ಕರಟ ಕೊಟ್ಟು, "ಪಕ್ಕದ ಮನೇಲಿ ಬೆಂಕಿ ಈಸ್ಕೊಂಡು ಬಾ ಮಗ" ಎಂದಳು. ಕರಟದೊಳಗೆ ಕೆಂಡ ಇಟ್ಟುಕೊಂಡು, ಗಾಳಿಗೆ ಬೆನ್ನು ಮಾಡಿ, ಹೆಜ್ಜೆ ಎಣಿಸುತ್ತ ಬಂದ ಆ ಇಪ್ಪತ್ತು ಮಾರು ದಾರಿ ಇವತ್ತಿಗೂ ನನ್ನ ಅಂಗೈಗೆ ನೆನಪಿದೆ. ಬೆಂಕಿಯನ್ನು ಆರಿಸುವುದಕ್ಕಿಂತ ಕಾಯುವುದು ದೊಡ್ಡ ಕೆಲಸ ಎಂದು ಅವತ್ತು ಗೊತ್ತಾಯಿತು.

ಹೊಗೆಯನ್ನು ಹೊಗಳಲು ನಾನು ಇಲ್ಲಿ ನಿಂತಿಲ್ಲ. ಅದೇ ಅಜ್ಜಿಯ ಕಣ್ಣು ಕಡೆಗಾಲಕ್ಕೆ ಮಂಜಾದವು, ಕೆಮ್ಮು ಅವಳನ್ನು ಬಿಡಲೇ ಇಲ್ಲ. ನಮ್ಮ ಹೆಣ್ಣುಮಕ್ಕಳ ಅಡುಗೆಮನೆಗೆ ಗ್ಯಾಸು ಬಂದದ್ದು ಒಳ್ಳೆಯದಾಯಿತು, ಇನ್ನೂ ಬೇಗ ಬರಬೇಕಿತ್ತು. ನಾನು ಹೇಳಹೊರಟಿರುವುದು ಆ ಕೈಗೆ ಗೊತ್ತಿದ್ದ ಸಂಗತಿಯ ಬಗ್ಗೆ.

ಅದಕ್ಕೆ ನಮ್ಮಲ್ಲಿ ಒಂದು ಮಾತಿದೆ: ಹದ. ಬಿತ್ತುವವನು ಬೆರಳಲ್ಲಿ ಮಣ್ಣು ಹಿಸುಕಿ ನೋಡಿ ಹದವಾಗಿದೆ ಅನ್ನುತ್ತಾನೆ. ಮುದ್ದೆ ತೊಳಸುವವಳು ಕೋಲಿಗೆ ಹಿಟ್ಟು ಅಂಟದಿದ್ದಾಗ ಹದಕ್ಕೆ ಬಂತು ಅನ್ನುತ್ತಾಳೆ. ಆಲೆಮನೆಯಲ್ಲಿ ಪಾಕಕ್ಕೆ ಹದ, ಕುಲುಮೆಯಲ್ಲಿ ಕುಡುಗೋಲಿಗೆ ಹದ, ಆಕಾಶದಿಂದ ಬಿದ್ದರೆ ಹದಮಳೆ. ನೆಲ, ಬೆಂಕಿ, ಅನ್ನ ಮೂರಕ್ಕೂ ಕನ್ನಡ ಒಂದೇ ಮಾತನ್ನು ಕೊಟ್ಟಿದೆ. ಬೀಜ, ನೀರು, ಗೊಬ್ಬರದ ಬಗ್ಗೆ ಈ ಮಂಡ್ಯ ಜಿಲ್ಲೆಯಲ್ಲಿ ನಡೆದಷ್ಟು ಮಾತು ಬೆಂಕಿಯ ಬಗ್ಗೆ ನಡೆದಿಲ್ಲ. ಆದರೆ ಬೆಂಕಿಯ ಹದ ಬಲ್ಲವರಿಲ್ಲದೆ ನಮ್ಮ ಬೇಸಾಯವಿರಲಿಲ್ಲ, ಊಟವೂ ಇರಲಿಲ್ಲ. ಈಗ ಬೆಂಕಿ ಇದೆ, ಮೊದಲಿಗಿಂತ ಜಾಸ್ತಿಯೇ ಇದೆ. ಹದ ಬಲ್ಲ ಕೈಯಿಂದ ಅದು ತಪ್ಪಿಹೋಗಿದೆ. ಇವತ್ತಿನ ನನ್ನ ಉಪನ್ಯಾಸವೆಲ್ಲ ಇಷ್ಟೇ.

ಮೊದಲು ಹಲಗೂರಿಗೆ ಹೋಗೋಣ. ಮಂಟೇಸ್ವಾಮಿ ಕಾವ್ಯವನ್ನು ಈ ಸಭೆಯಲ್ಲಿ ಕೇಳದವರು ಕಡಿಮೆ. ತಂಬೂರಿ ಹಿಡಿದು, ಗಗ್ಗರ ಅಲ್ಲಾಡಿಸುತ್ತ ನೀಲಗಾರರು ಇಡೀ ರಾತ್ರಿ ಹಾಡುವ ಆ ಕತೆಯ ಸಿದ್ದಪ್ಪಾಜಿ ಯಾರು? ನಮ್ಮ ಮದ್ದೂರು ತಾಲ್ಲೂಕಿನ ನಿಡಘಟ್ಟದ ಆಚಾರಿಗಳ ಮನೆಯ ಮಗ. ಕುಲುಮೆಯ ಕಿಡಿ ನೋಡುತ್ತ ಬೆಳೆದ ಹುಡುಗ. ಮಂಟೇಸ್ವಾಮಿಯವರು ಅವನನ್ನು ಶಿಷ್ಯನನ್ನಾಗಿ ಪಡೆದ ಮೇಲೆ ಕಳಿಸುವುದು ಎಲ್ಲಿಗೆ? ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ, ಅಲ್ಲಿನ ಪಾಂಚಾಳರ ಹತ್ತಿರ, ಕಬ್ಬಿಣದ ಭಿಕ್ಷೆಗೆ. ಅನ್ನದ ಭಿಕ್ಷೆ, ಹೊನ್ನಿನ ಭಿಕ್ಷೆ ಕೇಳಿದ್ದೇವೆ. ಕಬ್ಬಿಣವನ್ನು ಭಿಕ್ಷೆ ಕೇಳುವ ಸಂತ ನನಗೆ ಬೇರೆಲ್ಲೂ ಸಿಕ್ಕಿಲ್ಲ. ತನ್ನ ಕುಲದವರ ಮುಂದೆಯೇ ಅವನು ಜೋಳಿಗೆ ಒಡ್ಡುತ್ತಾನೆ, ಅವರು ಇಲ್ಲವೆನ್ನುತ್ತಾರೆ, ಬಗೆಬಗೆಯ ಪರೀಕ್ಷೆಗೆ ಒಡ್ಡುತ್ತಾರೆ, ವಿಷವನ್ನೂ ಕೊಡುತ್ತಾರೆ. ಅವನು ಎಲ್ಲವನ್ನೂ ಗೆಲ್ಲುತ್ತಾನೆ.

ಈ ಭಾಗ ಕೇಳುವಾಗ ನಾನು ಪವಾಡಕ್ಕಿಂತ ಕಬ್ಬಿಣದ ಕಡೆಗೇ ಕಿವಿ ಕೊಡುತ್ತೇನೆ. ನೇಗಿಲ ಕುಳ, ಗುದ್ದಲಿ, ಮಚ್ಚು, ಕುಡುಗೋಲು ಎಲ್ಲವೂ ಕುಲುಮೆಯ ಬೆಂಕಿಯಿಂದ ಹುಟ್ಟಿ ಬರಬೇಕು. ಕಬ್ಬಿಣ ಯಾರ ಕೈಯಲ್ಲಿದೆಯೋ ನೆಲ ಉಳುವ ಶಕ್ತಿ ಅವರ ಕೈಯಲ್ಲಿದೆ. ಅದನ್ನು ಬಚ್ಚಿಡಬೇಡಿ, ಹಂಚಿ ಎಂದು ಕೇಳುವ ಕತೆಯನ್ನು ನಮ್ಮ ನೆಲದ ಜನ ಕಟ್ಟಿಕೊಂಡರು, ಅದಕ್ಕೆ ನಿಜವಾದ ಊರುಗಳ ಹೆಸರಿಟ್ಟರು. ನಿಡಘಟ್ಟದಿಂದ ಹಲಗೂರಿಗೆ ಇವತ್ತು ಬಸ್ಸಿನಲ್ಲಿ ಹೋಗಿಬರಬಹುದು.

ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಪ್ರತಿ ವರ್ಷ ಬನದ ಹುಣ್ಣಿಮೆಗೆ ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದವರು ಕಾವೇರಿ ದಾಟಿ ಹೋಗಿ ಮೊದಲ ರಾತ್ರಿ ಚಂದ್ರಮಂಡಲಕ್ಕೆ ಬೆಂಕಿ ಮುಟ್ಟಿಸುತ್ತಾರೆ. ಬಿದಿರಿನಲ್ಲಿ ಕಟ್ಟಿ ಬಟ್ಟೆ ಸುತ್ತಿದ ಆ ಚಂದ್ರಮಂಡಲ ಹೊತ್ತಿಕೊಂಡಾಗ ಸಾವಿರಾರು ಜನ ಕತ್ತೆತ್ತಿ ನೋಡುವುದು ಒಂದನ್ನೇ: ಉರಿ ಯಾವ ದಿಕ್ಕಿಗೆ ವಾಲುತ್ತಿದೆ? ವಾಲಿದ ದಿಕ್ಕಿನ ಸೀಮೆಗೆ ಆ ವರ್ಷ ಮಳೆ ಬೆಳೆ ಚೆನ್ನಾಗಿ ಆಗುತ್ತದೆ ಎಂಬುದು ನಂಬಿಕೆ. ಮುಂದಿನ ದಿನಗಳಲ್ಲಿ ಪಂಕ್ತಿಸೇವೆ. ಮೂರು ಕಲ್ಲಿನ ಒಲೆಗಳು ಬಯಲ ತುಂಬ ಹೊತ್ತಿಕೊಳ್ಳುತ್ತವೆ, ಮುದ್ದೆ ಬೇಯುತ್ತದೆ, ಮಾಂಸ ಬೇಯುತ್ತದೆ, ಯಾವ ಜಾತಿ ಎಂದು ಕೇಳದೆ ಸಾಲಾಗಿ ಕೂತು ಉಣ್ಣುತ್ತಾರೆ. ಉರಿ ನೋಡಿ ಬೆಳೆ ಹೇಳುವುದನ್ನು ನೀವು ನಂಬಬೇಕಾಗಿಲ್ಲ. ಆದರೆ ಬೆಂಕಿ, ನೆಲ, ಅನ್ನ ಈ ಮೂರನ್ನು ಐದು ದಿನದೊಳಗೆ ಒಂದೇ ಬಯಲಿಗೆ ತಂದು ನಿಲ್ಲಿಸಿದ ಬುದ್ಧಿಯನ್ನು ನಂಬಲೇಬೇಕು.

ಊರಹಬ್ಬಗಳಲ್ಲೂ ಇದೇ ಬುದ್ಧಿ ಕಾಣುತ್ತದೆ. ಮದ್ದೂರು, ಮಳವಳ್ಳಿ ಕಡೆಯ ಸಿಡಿ, ಕೊಂಡದ ಹಬ್ಬಗಳನ್ನು ನೋಡಿದವರಿಗೆ ಗೊತ್ತು: ಹಬ್ಬ ಸಾರಿದ ಮೇಲೆ ಊರಿನ ಮನೆಗಳಲ್ಲಿ ಒಗ್ಗರಣೆ ಹಾಕುವಂತಿಲ್ಲ, ರೊಟ್ಟಿ ಸುಡುವಂತಿಲ್ಲ. ಮನೆಯೊಲೆಗಳೆಲ್ಲ ದನಿ ತಗ್ಗಿಸಬೇಕು. ಆಮೇಲೆ ಮನೆಮನೆಯಿಂದ ಬಂದ ಸೌದೆ ಒಂದಾಗಿ ಉರಿದು, ಊರಿಗೆಲ್ಲ ಒಂದೇ ಕೊಂಡವಾಗುತ್ತದೆ. ಬಿಸಿಲು ಏರುವ, ಹುಲ್ಲಿನ ಮೆದೆ ಒಣಗಿ ನಿಂತ ಕಾಲದಲ್ಲಿ ಊರಿಗೆ ಊರೇ ಬೆಂಕಿಯ ವಿಷಯದಲ್ಲಿ ಎಚ್ಚರವಾಗಿರುವುದನ್ನು ದೇವರ ಹೆಸರಲ್ಲಿ ಕಲಿಸಿದ ಕ್ರಮವೂ ಇದಾಗಿರಬಹುದು ಎಂದು ನನಗೆ ಅನ್ನಿಸುತ್ತದೆ. ಸಂಕ್ರಾಂತಿಯ ಸಂಜೆ ಮೈ ತೊಳೆದ ಎತ್ತು ದನಗಳನ್ನು ಹುಲ್ಲಿನ ಕಿಚ್ಚಿನ ಮೇಲೆ ಹಾಯಿಸುವುದೂ ಹಾಗೆಯೇ. ಅಲ್ಲಿ ಉರಿ ಎಷ್ಟೆತ್ತರ ಏಳಬೇಕು, ಯಾವಾಗ ದನ ಬಿಡಬೇಕು ಎಂದು ಕೂಗಿ ಹೇಳುವ ಒಬ್ಬ ಹಿರಿಯ ಪಕ್ಕದಲ್ಲಿ ನಿಂತಿರುತ್ತಿದ್ದ. ಈಗ ಹಲವು ಕಡೆ ಉರಿಯ ಮುಂದೆ ಮೊಬೈಲು ಹಿಡಿದವರು ಹೆಚ್ಚು, ಆ ಹಿರಿಯನ ಜಾಗ ಖಾಲಿ.

ಊಟದ ವಿಷಯಕ್ಕೆ ಬರುತ್ತೇನೆ. ನಮ್ಮವರು ರಾಗಿಮುದ್ದೆಯನ್ನು ಬರೀ ಹಿಟ್ಟು ಅನ್ನುತ್ತಾರೆ, "ಹಿಟ್ಟು ಉಂಡ್ಯಾ?" ಎಂದರೆ ಊಟವಾಯಿತೇ ಎಂದರ್ಥ. ಹಿಟ್ಟಿಗೆ ಎಸರು ಕುದಿಯುವ ತನಕ ಜೋರು ಉರಿ ಬೇಕು, ಹಿಟ್ಟು ಹಾಕಿದ ಮೇಲೆ ಸೌದೆ ಹಿಂದಕ್ಕೆಳೆದು ಕೆಂಡದ ಕಾವಿನಲ್ಲೇ ಬೇಯಿಸಬೇಕು. ಎಸರಿಗೆ ಹಿಪ್ಪುನೇರಳೆ ಕಡ್ಡಿ ಒಳ್ಳೆಯದು, ಸರಸರ ಉರಿಯುತ್ತದೆ. ರೇಷ್ಮೆ ಸಾಕುವ ಮದ್ದೂರು, ಮಳವಳ್ಳಿಯ ಮನೆಗಳಲ್ಲಿ ಹುಳು ಸೊಪ್ಪು ತಿಂದು ಬಿಟ್ಟ ಆ ಕಡ್ಡಿಯೇ ಒಲೆಗೆ. ಹಾಲು ಕಾಯಲು ಬೆರಣಿ, ನಿಧಾನ. ಒಲೆ ಬುಸುಗುಟ್ಟಿದರೆ ಬೆಂಕಿ ನಗ್ತಾ ಇದೆ, ನೆಂಟರು ಬರುತ್ತಾರೆ ಎಂದು ಇನ್ನೊಂದು ಹಿಡಿ ಹಿಟ್ಟು ತೆಗೆದಿಡುವರು. ಉಳಿದ ಬೂದಿ ಎಲ್ಲಿಗೆ? ಪಾತ್ರೆ ಬೆಳಗಲು ಒಂದಿಷ್ಟು, ಅವರೆ ಗಿಡದ ಹೇನಿಗೆ ಒಂದಿಷ್ಟು, ಬಿತ್ತನೆ ಕಾಳಿಗೆ ಹುಳು ಹಿಡಿಯದಂತೆ ಬೆರೆಸಲು ಒಂದಿಷ್ಟು, ಮಿಕ್ಕಿದ್ದು ತಿಪ್ಪೆಗೆ. ತಿಪ್ಪೆಯಿಂದ ಹೊಲಕ್ಕೆ, ಹೊಲದಿಂದ ರಾಗಿಯಾಗಿ ಮತ್ತೆ ಒಲೆಗೆ.

ಹಗೇವಿನ ರಾಗಿಗೂ ಬೆಂಕಿಯೇ ಕಾವಲು. ಕಲ್ಲುಚಪ್ಪಡಿ ಮುಚ್ಚಿ ವರ್ಷಗಟ್ಟಲೆ ನೆಲದೊಳಗಿಟ್ಟ ರಾಗಿಯನ್ನು ತೆಗೆಯುವ ದಿನ ಯಾರೂ ಧುಮುಕುತ್ತಿರಲಿಲ್ಲ. ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುವರು. ದೀಪ ಆರಿದರೆ ಒಳಗೆ ಉಸಿರಿಲ್ಲ. ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಉಸಿರಾಟ, ಉರಿ ಎರಡಕ್ಕೂ ಒಂದೇ ಗಾಳಿ ಬೇಕೆಂಬ ತಿಳಿವಳಿಕೆ ಅದು, ಶಾಲೆಯ ಪಾಠಕ್ಕಿಂತ ಎಷ್ಟೋ ಹಿಂದಿನದು.

ಹಾಗೆಯೇ ಬಂಡೂರು ಕುರಿ. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಹೆಸರನ್ನೇ ಹೊತ್ತ, ಗಿಡ್ಡ ಕಾಲಿನ, ದುಂಡು ಮೈಯ ಆ ತಳಿಯ ಮಾಂಸದ ರುಚಿಯನ್ನು ನಾನು ಇಲ್ಲಿ ವರ್ಣಿಸಬೇಕಾಗಿಲ್ಲ. ಹಬ್ಬದ ಮಾರನೆ ಬೆಳಗ್ಗೆ ತಲೆ ಕಾಲನ್ನು ಕುಲುಮೆಗೆ ಒಯ್ದು ಸುಡಿಸುವ ಪದ್ಧತಿ ನಮ್ಮ ಊರುಗಳಲ್ಲಿ ಈಗಲೂ ಇದೆ. ನೇಗಿಲ ಕುಳ ಕಾಯಿಸುವ ಅದೇ ಇದ್ದಿಲಿನ ಕಾವಿನಲ್ಲಿ ಕೂದಲು ಸುಟ್ಟು, ಚರ್ಮ ಸೀಯದಂತೆ ತಿರುಗಿಸಿ ತಿರುಗಿಸಿ, ಕಬ್ಬಿಣದಲ್ಲಿ ಹೆರೆದು ಕೊಡುತ್ತಾರೆ. ಎತ್ತುಗಳ ಬದಲು ಟ್ರ್ಯಾಕ್ಟರು ಬಂದ ಮೇಲೆ ಎಷ್ಟೋ ಕುಲುಮೆಗಳಿಗೆ ಕುಳದ ಕೆಲಸ ತಪ್ಪಿತು. ತಲೆ ಕಾಲು ಸುಡುವ ಕೆಲಸವೇ ಕೆಲವರ ತಿದಿಯನ್ನು ಉಸಿರಾಡಿಸುತ್ತಿದೆ. ಭೂಮಿಯನ್ನು ಹದ ಮಾಡುತ್ತಿದ್ದ ಬೆಂಕಿಯನ್ನು ಊಟ ಉಳಿಸಿಕೊಂಡಿತು.

ಇನ್ನು ನಾಲೆ ಬಂದ ಕಾಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ, ಎರಡು ದಶಕದ ಮೇಲೆ ನಾಲೆಯ ನೀರು ಮಂಡ್ಯದ ಬೆದ್ದಲು ನೆಲಕ್ಕೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಹುಟ್ಟಿತು, 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ಈ ಊರಿಗೆ ಸಕ್ಕರೆ ಕಾರ್ಖಾನೆ ಬರಲು ದುಡಿದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರು ಕೆನಡಾದ ಆಂಟೇರಿಯೊದವರು. ಇದನ್ನು ಹೇಳಲು ಕಾರಣವಿದೆ. ಅವರು ಹುಟ್ಟಿದ ಪ್ರಾಂತದಲ್ಲೂ ಗಡಿಯಾಚೆಯ ಅಮೆರಿಕದಲ್ಲೂ, ಸುಪೀರಿಯರ್ ಸರೋವರದ ಸುತ್ತ ಇರುವ ಮೂಲನಿವಾಸಿಗಳು ಓಜಿಬ್ವೆ ಜನ. ಅವರಿಗೂ ಒಂದು ಆಲೆಮನೆಯಿದೆ! ಚಳಿಗಾಲ ಮುಗಿಯುವ ಹೊತ್ತಿಗೆ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಮೇಪಲ್ ಮರಕ್ಕೆ ಗಾಯ ಮಾಡಿ ರಸ ಇಳಿಸಿ, ಕಾಡಿನಲ್ಲೇ ಬಿಡಾರ ಹೂಡಿ, ಕೊಪ್ಪರಿಗೆಯಲ್ಲಿ ಕುದಿಸಿ ಸಕ್ಕರೆ ಮಾಡುತ್ತಾರೆ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ. ಮನೆಮಂದಿಯೆಲ್ಲ ಸರದಿಯಲ್ಲಿ ಬೆಂಕಿ ಕಾಯುತ್ತಾರೆ. ಅವರ ಮಾತಿನಲ್ಲಿ ಬೆಂಕಿಗೆ ಇಶ್ಕೊದೆ ಎನ್ನುತ್ತಾರೆ.

ಅವರ ಮುಖ್ಯ ಧಾನ್ಯ ಮನೂಮಿನ್, ಸರೋವರದ ನೀರಿನಲ್ಲಿ ತಾನಾಗಿ ಬೆಳೆಯುವ ಕಾಡುಭತ್ತ. ಬೇಸಗೆಯ ಕೊನೆಗೆ ದೋಣಿಯಲ್ಲಿ ಹೋಗಿ ಕೋಲಿನಿಂದ ತೆನೆ ಬಡಿದು ತಂದು, ಬೆಂಕಿಯ ಮೇಲೆ ಹುರಿದು, ತುಳಿದು, ತೂರುತ್ತಾರೆ. ಹುರಿಯುವಾಗ ಕೈ ನಿಲ್ಲಿಸಿದರೆ ಕಾಳು ಸೀಯುತ್ತದೆ. ನಮ್ಮ ಪುರಿ ಭಟ್ಟಿಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಮೇಲೆ ಅನ್ನ ಬೆಳೆಯುವ ಜಾಗಕ್ಕೆ ಹೋಗಿ ನೆಲೆಸಿ ಎಂದು ಅವರಿಗೆ ಬಂದ ಹಳೆಯ ಕಾರಣಿಕಗಳನ್ನು ಅವರು ಏಳು ಬೆಂಕಿಗಳು ಎಂದು ಕರೆಯುತ್ತಾರೆ. ಒಂದೊಂದು ಕಾಲಘಟ್ಟಕ್ಕೂ ಒಂದು ಬೆಂಕಿ. ಅಷ್ಟು ದೂರದ, ಅಷ್ಟು ಚಳಿಯ ನಾಡಿನಲ್ಲೂ ಬೆಂಕಿ, ನೆಲ, ಅನ್ನ ಒಂದೇ ಹಗ್ಗದ ಮೂರು ಎಳೆ.

ನಮ್ಮ ಆಲೆಮನೆಗೆ ವಾಪಸು ಬರೋಣ. ಗಾಣದಲ್ಲಿ ಅರೆದ ಕಬ್ಬಿನ ರಚ್ಚನ್ನು ಅಂಗಳದಲ್ಲಿ ಹರವಿ ಒಣಗಿಸಿ, ಅದನ್ನೇ ಒಲೆಗೆ ಹಾಕಿ, ಅದೇ ಕಬ್ಬಿನ ಹಾಲನ್ನು ಕುದಿಸುವುದು ನಮ್ಮ ಪದ್ಧತಿ. ಹೊರಗಿನ ಒಂದು ಸೌದೆ ಬೇಡ. ಬೆಂಡೆ ಗಿಡದ ಲೋಳೆ ಹಾಕಿ ಮೇಲೆದ್ದ ಮಡ್ಡಿ ತೆಗೆಯುವುದು, ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟುತ್ತದೆಯೇ ನೋಡುವುದು, ಆಮೇಲೆ ಅಚ್ಚಿಗೆ. ಅಚ್ಚುಬೆಲ್ಲ, ಬಕೆಟ್ ಬೆಲ್ಲ, ಕುರಿಕಾಲಚ್ಚು ಎಂದು ಮಂಡ್ಯದ ಮಾರುಕಟ್ಟೆಯಲ್ಲಿ ಕೂಗುವ ಹೆಸರುಗಳೆಲ್ಲ ಈ ಒಲೆಯ ಮಕ್ಕಳು. ಹೀಗಿದ್ದ ಒಲೆಗೆ ಕೆಲವು ಕಡೆ ಹಳೆಯ ಟೈರು, ಪ್ಲಾಸ್ಟಿಕ್ಕು ಬಂದು ಬಿದ್ದವು. ಬೆಂಡೆಯ ಲೋಳೆಯ ಜಾಗದಲ್ಲಿ ಬಣ್ಣ ಬಿಳುಪಾಗಲು ಹೈಡ್ರೋಸ್ ಎಂಬ ರಾಸಾಯನಿಕ ಬಂತು. ಬೆಲ್ಲ ಬೆಳ್ಳಗಾದಷ್ಟೂ ಬೆಲೆ ಹೆಚ್ಚು ಎಂದು ಕೊಳ್ಳುವವರು ಕೇಳಿದ್ದರಿಂದ ಇದು ಬಂತು. ತಪ್ಪನ್ನು ಬೆಲ್ಲ ಬೇಯಿಸುವವನ ತಲೆಗೇ ಕಟ್ಟಿ ನಾವು ಕೈತೊಳೆದುಕೊಳ್ಳಲಾಗದು. ಕಂದು ಬೆಲ್ಲವನ್ನು ಪಕ್ಕಕ್ಕೆ ಸರಿಸಿದ್ದು ನಮ್ಮದೇ ಕೈ.

ಕಬ್ಬಿನ ಗದ್ದೆಯ ಬೆಂಕಿ ಇನ್ನೊಂದು. ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ಒಣ ತರಗು ಉಳಿಯುತ್ತದೆ. ಆಳು ಸಿಗುವುದಿಲ್ಲ, ಕೂಳೆಗೆ ನೀರು ಕಟ್ಟಬೇಕು, ನಾಲೆಯ ಸರದಿ ತಪ್ಪಿದರೆ ಆಯಿತು. ಒಂದು ಬೆಂಕಿಕಡ್ಡಿ ಗೀರಿದರೆ ಅರ್ಧ ಗಂಟೆಯಲ್ಲಿ ಗದ್ದೆ ಚೊಕ್ಕಟ. ಹೀಗೆ ಮಾಡುವ ರೈತನ ಕಷ್ಟ ನನಗೆ ಗೊತ್ತು, ನಮ್ಮ ಗದ್ದೆಯಲ್ಲೂ ಹಾಗೇ ಆಗಿದೆ. ಒಂದು ವರ್ಷ ಹಚ್ಚಿದ ಬೆಂಕಿ ಗಾಳಿ ತಿರುಗಿ ಬದುವಿನ ಎರಡು ತೆಂಗು, ಒಂದು ಹೊಂಗೆ ಸುಟ್ಟಿತು. ಮಾರನೆ ದಿನ ಗದ್ದೆಗಿಳಿದು ಮಣ್ಣು ಕೆದಕಿದೆ. ಎರೆಹುಳು ಒಂದೂ ಕಾಣಲಿಲ್ಲ, ಮಣ್ಣು ಬೆರಳಿಗೆ ಪುಡಿಯಾಗಿ ಜಾರಿತು. ಸಾಲುಬಿಟ್ಟು ಸಾಲಿಗೆ ತರಗು ಹೊದಿಸಿದ ಪಕ್ಕದ ಗದ್ದೆಯಲ್ಲಿ ಮಣ್ಣು ತಣ್ಣಗೆ, ಹದವಾಗಿತ್ತು. ಆಲೆಮನೆಯ ಒಲೆಯಲ್ಲಿ ಬೆಲ್ಲವಾಗುವ ಬೆಂಕಿ, ಗದ್ದೆಯಲ್ಲಿ ಮುಂದಿನ ವರ್ಷದ ಗೊಬ್ಬರವನ್ನೇ ತಿಂದುಬಿಡುತ್ತದೆ.

ಹಾಗಾದರೆ ನೆಲಕ್ಕೆ ಬೆಂಕಿ ಇಡುವುದೇ ತಪ್ಪೇ? ಕಾವೇರಿಯ ಆಚೆ ದಂಡೆಯವರನ್ನು ಕೇಳಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಚಳಿ ಇಳಿದು ಬೇಸಗೆ ಕಾಲಿಡುವ ಹೊತ್ತಿಗೆ ಒಣಗಿದೆಲೆಗೆ ಸಣ್ಣಗೆ ಬೆಂಕಿ ಇಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದೇ ಹೆಸರು. ನೆಲದಲ್ಲಿ ಇನ್ನೂ ತೇವವಿರುವಾಗ ಹಚ್ಚಿದ ಆ ಬೆಂಕಿ ಮೊಣಕಾಲೆತ್ತರಕ್ಕೂ ಏಳದೆ ತರಗನ್ನಷ್ಟೇ ತಿಂದು ಆರುತ್ತಿತ್ತು. ಹೊಸ ಹುಲ್ಲು ಚಿಗುರುತ್ತಿತ್ತು, ಗೆಡ್ಡೆ ಗೆಣಸು ಸಿಗುತ್ತಿತ್ತು, ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆ ಹತೋಟಿಯಲ್ಲಿರುತ್ತಿತ್ತು, ಲಂಟಾನದ ಕಳೆ ತಲೆಯೆತ್ತುತ್ತಿರಲಿಲ್ಲ ಎನ್ನುತ್ತಾರೆ ಅವರು. 1974ರಲ್ಲಿ ಆ ಬೆಟ್ಟದ ಕಾಡು ವನ್ಯಧಾಮವಾಯಿತು. ಸೋಲಿಗರ ಪೋಡುಗಳನ್ನು, ಎಂದರೆ ಅವರ ಹಾಡಿಗಳನ್ನು, ಒಂದೆಡೆ ಕೂರಿಸಿದರು, ಹೊಲ ಸುಟ್ಟು ರಾಗಿ ಬಿತ್ತುವುದೂ ನಿಂತಿತು, ತರಗು ಬೆಂಕಿಯೂ ನಿಂತಿತು. ಇವತ್ತು ಆ ಕಾಡಿನೊಳಗೆ ಹೆಜ್ಜೆಯಿಡಲಾರದಷ್ಟು ಲಂಟಾನ. ಒಣಗಿದ ಲಂಟಾನಕ್ಕೆ ಕಿಡಿ ಬಿದ್ದರೆ ಏಳುವ ಉರಿ ಮರದ ತುದಿ ಮುಟ್ಟುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿಕಾಯಿ ತರಬಹುದು. ಬೆಂಕಿ ಮಾತ್ರ ಅವರ ಕೈಗೆ ಮರಳಿಲ್ಲ.

ಓಜಿಬ್ವೆ ಜನರದೂ ಇದೇ ಕತೆ. ಪೈನ್ ಕಾಡಿನ ಬಯಲುಗಳನ್ನು ಆಗಾಗ ಸಣ್ಣಗೆ ಸುಟ್ಟು ಅವರು ಬ್ಲೂಬೆರಿ ಹಣ್ಣು ಬೆಳೆಯುವಂತೆ ನೋಡಿಕೊಳ್ಳುತ್ತಿದ್ದರು. ಕಾಡಿನ ಬೆಂಕಿಯೆಲ್ಲ ಶತ್ರು ಎಂಬ ನೀತಿ ಕಳೆದ ಶತಮಾನದಲ್ಲಿ ಬಂದು ಅದನ್ನು ನಿಲ್ಲಿಸಿತು, ಬಯಲು ಮುಚ್ಚಿಕೊಂಡಿತು, ಹಣ್ಣು ಕಡಿಮೆಯಾಯಿತು. ಆದರೆ ಅಮೆರಿಕ ಸರ್ಕಾರದೊಡನೆ ಮಾಡಿಕೊಂಡ 1837ರ ಒಪ್ಪಂದದಲ್ಲಿ ಬಿಟ್ಟುಕೊಟ್ಟ ನೆಲದ ಮೇಲೂ ಬೇಟೆ, ಮೀನು, ಕಾಡುಭತ್ತದ ಹಕ್ಕನ್ನು ಅವರ ಹಿರಿಯರು ಬರೆಸಿಟ್ಟುಕೊಂಡಿದ್ದರು. 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಮಾತು ಇನ್ನೂ ಜೀವಂತ ಎಂದು ಹೇಳಿತು. ಈಗ ಅವರ ಹಿರಿಯರು, ಅರಣ್ಯದ ಅಧಿಕಾರಿಗಳು, ವಿಜ್ಞಾನಿಗಳು ಒಟ್ಟಿಗೆ ಕೂತು ಬೆಂಕಿಯನ್ನು ನೆಲಕ್ಕೆ ಮರಳಿ ತರುವ ಕೆಲಸ ನಡೆಸಿದ್ದಾರೆ. ನಮ್ಮ ಮಳವಳ್ಳಿಯ ಅಂಚಿಗೇ ಮುತ್ತತ್ತಿಯ ಕಾಡಿದೆ, ಕಾವೇರಿ ವನ್ಯಧಾಮವಿದೆ. ಬೇಸಗೆಯಲ್ಲಿ ಅಲ್ಲಿ ಬೆಂಕಿ ನಂದಿಸಲು ಓಡುವ ಕಾವಲುಗಾರರು ಜೀವ ಒತ್ತೆಯಿಟ್ಟು ದುಡಿಯುತ್ತಾರೆ. ಅವರ ಪಕ್ಕದಲ್ಲಿ, ಬೆಂಕಿ ಯಾವಾಗ ಇಡಬಾರದು ಎಂದು ಬಲ್ಲ ಸೋಲಿಗ ಹಿರಿಯನೊಬ್ಬ ಕೂತು ಮಾತಾಡುವ ದಿನ ಬರಬೇಕು ಎಂಬುದು ನನ್ನ ಆಸೆ.

ಈ ಸಭೆಯಲ್ಲಿ ಕೃಷಿ ಓದುತ್ತಿರುವ ಮಕ್ಕಳು ಕೂತಿದ್ದೀರಿ. ನಿಮ್ಮ ಹತ್ತಿರದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲೇ ಸಿ.ಎಚ್. ಲಕ್ಷ್ಮಣಯ್ಯನವರು ಇಲ್ಲಿಯ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಇಂಡಿಯಾದ ಇಂಡ್, ಆಫ್ರಿಕದ ಆಫ್. ಅವರು ಹೊಲದಲ್ಲಿ ನಿಂತು ತೆನೆ ನೋಡಿದಷ್ಟೇ ಶ್ರದ್ಧೆಯಿಂದ ಯಾರಾದರೂ ಒಬ್ಬರು ಒಲೆಯ ಮುಂದೆ ಕೂತು ಉರಿ ನೋಡಬೇಕಾಗಿದೆ. ಹೋದ ಚಳಿಗಾಲ ನಾನು ಮದ್ದೂರಿನ ಹೊರಗಿನ ಒಂದು ಆಲೆಮನೆಗೆ ಹೋಗಿದ್ದೆ. ಒಲೆಯ ಬಾಯಿಗೆ ರಚ್ಚು ತಳ್ಳುತ್ತಿದ್ದವರು ಎಪ್ಪತ್ತು ದಾಟಿದ ಹಿರಿಯರು. ಕೊಪ್ಪರಿಗೆಯ ಕಡೆಗೆ ಬೆನ್ನು ಮಾಡಿ ಕೂತಿದ್ದರೂ, ಪಾಕ ಏರಿದಾಗ ಸರಿಯಾಗಿ ಕೈ ನಿಲ್ಲಿಸುತ್ತಿದ್ದರು. ನೋಡದೆ ಹೇಗೆ ಗೊತ್ತಾಗುತ್ತದೆ ಯಜಮಾನರೇ ಎಂದೆ. "ಸದ್ದು ಸ್ವಾಮಿ" ಎಂದರು. ಮೊದಲು ನೀರು ಕುದಿಯೋ ಸದ್ದು, ಆಮೇಲೆ ನೊರೆ ಸದ್ದು, ಕಡೆಗೆ ದಪ್ಪ ಗುಳ್ಳೆ ಒಡೆಯೋ ಸದ್ದು. ನನಗೆ ಮೂರೂ ಒಂದೇ ಥರ ಕೇಳಿಸಿತು. ಕಲಿಯಲು ಯಾರಾದರೂ ಬರುತ್ತಾರೆಯೇ ಎಂದೆ. ಅವರು ಒಂದು ಹಿಡಿ ರಚ್ಚು ಒಲೆಗೆ ತಳ್ಳಿ, ಉರಿ ಹಿಡಿಯುವ ತನಕ ಕಾದು ಹೇಳಿದರು: "ಹಗಲೊತ್ತು ಗಾಣದ ಸದ್ದು ಜಾಸ್ತಿ, ಕೇಳ್ಸಕ್ಕಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಬರಾಕೇಳಿ."